ಸೂರ್ಯ ನೆತ್ತಿಯ ಮೇಲೆ, ಮಕ್ಕಳು ಮನೆಯಲ್ಲಿ

ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಇದನ್ನು ಗೊತ್ತುಮಾಡಿದವರು ಬಿಸಿಲಿನ ತಾಪವನ್ನಷ್ಟೇ ನೋಡಿ ಗೊತ್ತುಮಾಡಿರಬೇಕು. ಆದರೆ ಅವರಿಗೇ ಅರಿವಿಲ್ಲದಂತೆ ಮಕ್ಕಳಿಗೆ ಒಂದು ಉಪಕಾರ ಆಗಿಬಿಟ್ಟಿದೆ. ಸೂರ್ಯ ನಮ್ಮ ರಾಜ್ಯವನ್ನು ದಕ್ಷಿಣದ ತುದಿಯಿಂದ ಉತ್ತರದ ತುದಿಯವರೆಗೆ ದಾಟಿ ಹೋಗುವುದು ಸರಿಯಾಗಿ ಈ ರಜೆಯಲ್ಲೇ. ಏಪ್ರಿಲ್ 21ರ ಹೊತ್ತಿಗೆ ಅವನು ಚಾಮರಾಜನಗರದ ನೆತ್ತಿಯ ಮೇಲಿರುತ್ತಾನೆ. ಮಾರನೇ ದಿನ ಮೈಸೂರು, 24ಕ್ಕೆ ಬೆಂಗಳೂರು ಮತ್ತು ಮಂಗಳೂರು, 27ರ ಸುಮಾರಿಗೆ ಶಿವಮೊಗ್ಗ, ಮೇ 2ರ ಆಸುಪಾಸಿನಲ್ಲಿ ಹುಬ್ಬಳ್ಳಿ-ಧಾರವಾಡ, 7ಕ್ಕೆ ವಿಜಯಪುರ, 9ಕ್ಕೆ ಕಲಬುರಗಿ, 11ಕ್ಕೆ ಬೀದರ್. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗಬಹುದು, ಅಷ್ಟೆ. ಆ ದಿನ ನಡುಮಧ್ಯಾಹ್ನ ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗಿಹೋಗುತ್ತದೆ. ಶೂನ್ಯ ನೆರಳಿನ ದಿನ ಎಂದು ಪತ್ರಿಕೆಗಳಲ್ಲಿ ಒಂದು ಸಣ್ಣ ಸುದ್ದಿ ಬರುತ್ತದಲ್ಲ, ಅದು ಇದೇ.

ದೆಹಲಿಯ ಮಕ್ಕಳಿಗೆ ಈ ಭಾಗ್ಯವಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಆಚೆಗಿರುವ ಊರುಗಳಲ್ಲಿ ಸೂರ್ಯ ವರ್ಷದ ಯಾವ ದಿನವೂ ನೆತ್ತಿಗೆ ಬರುವುದಿಲ್ಲ. ನಮಗೆ ವರ್ಷಕ್ಕೆ ಎರಡು ಸಲ ಬರುತ್ತಾನೆ. ಉತ್ತರಕ್ಕೆ ಹೋಗುವಾಗ ಒಮ್ಮೆ, ದಕ್ಷಿಣಕ್ಕೆ ಮರಳುವಾಗ ಆಗಸ್ಟ್‌ನಲ್ಲಿ ಇನ್ನೊಮ್ಮೆ. ಆಗಸ್ಟ್‌ನಲ್ಲಿ ಮೋಡ ಕವಿದಿರುತ್ತದೆ, ಜೊತೆಗೆ ಮಕ್ಕಳು ತರಗತಿಯೊಳಗಿರುತ್ತಾರೆ. ನೋಡುವುದಿದ್ದರೆ ಈಗಲೇ.

ಇಷ್ಟಾಗಿಯೂ, ದಿನಾ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಅದೂ ಹನ್ನೆರಡು ಗಂಟೆಗೆ ಸರಿಯಾಗಿ, ಎಂದು ನಂಬಿರುವ ಪದವೀಧರರು ನಮ್ಮಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ಎರಡೂ ಸುಳ್ಳು. ಸುಳ್ಳೆಂದು ಕಂಡುಕೊಳ್ಳಲು ಬೇಕಾದದ್ದು ಒಂದು ಕೋಲು. ಬಿಸಿಲಿನ ಪಾಠ ಪುಸ್ತಕದಲ್ಲಿ ಸಿಕ್ಕಿತು, ಪರೀಕ್ಷೆಯಲ್ಲಿ ಬರೆದೆವು, ಅಂಗಳಕ್ಕೆ ಇಳಿಯಲೇ ಇಲ್ಲ.

ಕೋಲಿನ ಕೆಲಸ ಹೀಗೆ. ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲನ್ನು ಸಮತಟ್ಟಾದ ಜಾಗದಲ್ಲಿ, ತಾರಸಿಯಾದರೂ ಸರಿ, ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಬೇಕು. ಅಳತೆ ನೆಲದಿಂದ ಕೋಲಿನ ತುದಿಗೆ ಒಂದು ಮೀಟರ್ ಇರಲಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕೋಲು ವಾಲಿದೆಯೋ ನೆಟ್ಟಗಿದೆಯೋ ಗೊತ್ತಾಗುತ್ತದೆ. ಹನ್ನೊಂದೂಮುಕ್ಕಾಲರಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಿ. ಬೆಂಗಳೂರಿನಲ್ಲಿ ನೆರಳು ತೀರಾ ಚಿಕ್ಕದಾಗುವುದು 12 ಗಂಟೆ 17-18 ನಿಮಿಷಕ್ಕೆ, ಮಂಗಳೂರಿನಲ್ಲಿ 12.28ರ ಹೊತ್ತಿಗೆ. ಗಡಿಯಾರ ಕೆಟ್ಟಿಲ್ಲ. ಭಾರತದ ಎಲ್ಲ ಗಡಿಯಾರಗಳೂ 82.5 ಡಿಗ್ರಿ ಪೂರ್ವ ರೇಖಾಂಶದ ಮಧ್ಯಾಹ್ನವನ್ನು ತೋರಿಸುತ್ತವೆ. ಅಲ್ಲಿಂದ ಪಶ್ಚಿಮಕ್ಕೆ ಒಂದೊಂದು ಡಿಗ್ರಿ ಸರಿದ ಹಾಗೂ ಸೂರ್ಯ ನಾಲ್ಕು ನಿಮಿಷ ತಡವಾಗಿ ಬರುತ್ತಾನೆ. ಮಂಗಳೂರಿನ ಅಜ್ಜಿಮನೆಗೆ ಹೋದ ಬೆಂಗಳೂರಿನ ಮಗು ಇಲ್ಲೂ ಅಲ್ಲೂ ಅಳೆದರೆ ಹತ್ತು ನಿಮಿಷದ ವ್ಯತ್ಯಾಸ ತಾನಾಗಿ ಕೈಗೆ ಸಿಗುತ್ತದೆ. ಭೂಮಿ ತಿರುಗಿದಂತೆ ಮಧ್ಯಾಹ್ನ ಪಶ್ಚಿಮಕ್ಕೆ ಸರಿಯುವುದನ್ನು ಆ ಮಗು ಸ್ವಂತ ಕೈಯಿಂದ ಅಳೆದಂತಾಯಿತು.

ಒಂದೇ ದಿನ ನೋಡಿ ಸೆಲ್ಫಿ ತೆಗೆದು ಬಿಟ್ಟರೆ ಇದೊಂದು ತಮಾಷೆ ಮಾತ್ರ. ಹದಿನೈದು ದಿನ ಮುಂಚೆಯೇ ಶುರುಮಾಡಿ, ದಿನವೂ ಅದೇ ಗಳಿಗೆಯಲ್ಲಿ ಗುರುತು ಹಾಕಿದರೆ ಇದು ವಿಜ್ಞಾನ. ಬೆಂಗಳೂರಿನಲ್ಲಿ ಏಪ್ರಿಲ್ ಮಧ್ಯದಲ್ಲಿ ಮಧ್ಯಾಹ್ನದ ನೆರಳು ಉತ್ತರಕ್ಕೆ ಬಿದ್ದಿರುತ್ತದೆ. ದಿನಕ್ಕೆ ಸುಮಾರು ಅರ್ಧ ಸೆಂಟಿಮೀಟರಿನಂತೆ ಕುಗ್ಗುತ್ತಾ ಬಂದು 24ಕ್ಕೆ ಕಾಣೆಯಾಗುತ್ತದೆ. ಆಮೇಲೆ ದಕ್ಷಿಣಕ್ಕೆ ಚಾಚತೊಡಗುತ್ತದೆ. ಮನೆಯ ಉತ್ತರದ ಕಿಟಕಿಗೆ ಮೇ ತಿಂಗಳಲ್ಲಿ ಬಿಸಿಲು ಬೀಳುವುದೂ ಇದೇ ಕಾರಣಕ್ಕೆ. ಈ ನೆರಳಿಲ್ಲದ ಗೆರೆ ರಾಜ್ಯದ ಮೇಲೆ ದಿನಕ್ಕೆ 30-35 ಕಿಲೋಮೀಟರ್ ವೇಗದಲ್ಲಿ ಉತ್ತರಕ್ಕೆ ಸರಿಯುತ್ತಿರುತ್ತದೆ. ಏಪ್ರಿಲ್‌ನಲ್ಲಿ ಕೊಂಚ ಜೋರು, ಮೇ ಬಂದಂತೆ ನಿಧಾನ. ಯಾಕೆ ನಿಧಾನ ಎಂದು ಮಗು ಕೇಳಿದರೆ ನಿಮ್ಮ ರಜೆ ಸಾರ್ಥಕ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಭೂಪಟ ತೆಗೆದು ನೋಡಿ: ಬೀದರ್ ಇರುವುದು ಬೆಂಗಳೂರಿಗೆ ಬಹುಮಟ್ಟಿಗೆ ನೇರ ಉತ್ತರದಲ್ಲಿ. ಎರಡೂ ಊರಿನ ರೇಖಾಂಶ ಹೆಚ್ಚು ಕಡಿಮೆ 77.5 ಡಿಗ್ರಿ. ಎರಡೂ ಕಡೆ ಸೂರ್ಯನ ಮಧ್ಯಾಹ್ನ ಒಂದೇ ಹೊತ್ತಿಗೆ. ಏಪ್ರಿಲ್ 24ರಂದು ಬೆಂಗಳೂರಿನ ಮಗುವಿನ ಕೋಲಿಗೆ ನೆರಳಿಲ್ಲದಾಗ ಬೀದರಿನಲ್ಲಿರುವ ಗೆಳೆಯನ ಒಂದು ಮೀಟರ್ ಕೋಲಿಗೆ ಎಂಟೂವರೆಯಿಂದ ಒಂಬತ್ತು ಸೆಂಟಿಮೀಟರ್ ನೆರಳಿರುತ್ತದೆ. ಕೋಲು, ನೆರಳು ಎರಡನ್ನೂ ಕಾಗದದ ಮೇಲೆ ಸಣ್ಣ ಅಳತೆಯಲ್ಲಿ ತ್ರಿಕೋನವಾಗಿ ಬರೆದು ಕೋನಮಾಪಕ ಇಟ್ಟರೆ ಸುಮಾರು 5 ಡಿಗ್ರಿ ಬರುತ್ತದೆ. ಇಡೀ ವೃತ್ತದಲ್ಲಿ ಅಂಥವು 72. ಎರಡೂ ಊರಿನ ನಡುವಿನ ನೇರ ದೂರ, ಬಸ್ಸಿನ ದಾರಿಯಲ್ಲ, ಸುಮಾರು 550 ಕಿಲೋಮೀಟರ್. 550ನ್ನು 72ರಿಂದ ಗುಣಿಸಿದರೆ 39,600. ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಎಂದು ಪುಸ್ತಕ ಹೇಳುತ್ತದೆ. ಎರಡು ಕೋಲು, ಒಂದು ಫೋನ್ ಕರೆ, ಆರನೇ ತರಗತಿಯ ಗಣಿತ.

ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಎರಟೋಸ್ತನೀಸ್ ಮಾಡಿದ್ದೂ ಇಷ್ಟನ್ನೇ. ಅವನ ಬೀದರ್ ಅಲೆಕ್ಸಾಂಡ್ರಿಯಾ, ಅವನ ಬೆಂಗಳೂರು ಇಂದು ಆಸ್ವಾನ್ ಎನಿಸಿಕೊಂಡಿರುವ ಸೈನೀ. ಅವನಿಗೆ ಸಿಕ್ಕಿದ ಕೋನ ವೃತ್ತದ ಐವತ್ತನೇ ಒಂದು ಭಾಗ. ಅವನಿಗೆ ಇಲ್ಲದಿದ್ದ ಒಂದು ಅನುಕೂಲ ನಮ್ಮ ಮಕ್ಕಳಿಗಿದೆ. ಬೀದರಿಗೆ ಅದೇ ಕ್ಷಣದಲ್ಲಿ ಫೋನ್ ಮಾಡಿ ಕೇಳಬಹುದು.

ನೆರಳಿನ ವಿಷಯವನ್ನೇ ಇಷ್ಟು ಉದ್ದಕ್ಕೆ ಎಳೆದದ್ದಕ್ಕೆ ಕಾರಣವಿದೆ. ರಜೆಯಲ್ಲಿ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತಿಸಬೇಕೆಂದು ತಂದೆತಾಯಿ ಬಯಸುವುದು ಹೊಸದೇನಲ್ಲ. ಹೊಸದು ಅಂದರೆ ಅದಕ್ಕೊಂದು ಮಾರುಕಟ್ಟೆ ಹುಟ್ಟಿಕೊಂಡಿರುವುದು. ಬಣ್ಣದ ಪೆಟ್ಟಿಗೆಯಲ್ಲಿ ಕಿಟ್ ಬರುತ್ತದೆ. ಹತ್ತು ದಿನದ ಶಿಬಿರದ ಕೊನೆಗೆ ಪ್ರಮಾಣಪತ್ರ ಸಿಗುತ್ತದೆ. ಶಿಬಿರಗಳನ್ನೆಲ್ಲ ಒಂದೇ ಸಮನೆ ತೆಗಳಲಾರೆ. ನಾಟಕದ ಶಿಬಿರಕ್ಕೆ ಹೋಗಿಬಂದ ಮಕ್ಕಳ ಮಾತಿನ ಧಾಟಿಯೇ ಬದಲಾಗುವುದನ್ನು ಕಂಡಿದ್ದೇನೆ. ಆದರೆ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಕೆಂಪು ನೊರೆ ಉಕ್ಕಿಸಿ ಅದನ್ನು ಜ್ವಾಲಾಮುಖಿ ಎನ್ನುವ ಪ್ರಯೋಗ ಮಾತ್ರ ನನಗೆ ಸಹಿಸಲಾಗದು. ನಿಜವಾದ ಜ್ವಾಲಾಮುಖಿಗೂ ಅದಕ್ಕೂ ಹೋಲಿಕೆ ಇರುವುದು ಬಣ್ಣದಲ್ಲಷ್ಟೇ. ಏನಾಗುತ್ತದೆಂದು ಮೊದಲೇ ಹೇಳಿರುತ್ತಾರೆ, ಹಾಗೇ ಆಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮಗು ಕಂಡುಹಿಡಿಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಒಂದೇ ವಸ್ತುವನ್ನು ಮತ್ತೆ ಮತ್ತೆ ನೋಡಿ, ಅಳೆದು, ಬರೆದಿಡುವುದು ಶಿಬಿರದ ಹತ್ತು ದಿನಗಳಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ರಜೆಯೇ ಬೇಕು, ಬೇಸರ ಹಿಡಿಸುವಷ್ಟು ಬಿಡುವೂ ಬೇಕು.

ದೊಡ್ಡವರ ಪಾಲಿನ ಕೆಲಸವೂ ಒಂದಿದೆ, ಅದು ಹೆಚ್ಚು ಕಷ್ಟದ್ದು. ಗೊತ್ತಿರುವುದನ್ನು ಕೂಡಲೇ ಹೇಳದೆ ಇರುವುದು.

"ಅಪ್ಪಾ, ಆ ಕಾಗೆ ಯಾಕೆ ಬಾಯಿ ಬಿಟ್ಕೊಂಡೇ ಕೂತಿದೆ?"

"ಬಾಯಾರಿಕೆ ಆಗಿರ್ಬೇಕು ಕಣೋ."

ಅಲ್ಲಿಗೆ ಮುಗಿಯಿತು. ಪ್ರಶ್ನೆ ಸತ್ತಿತು, ಉತ್ತರವೂ ಪೂರ್ತಿ ಸರಿಯಲ್ಲ. ಅದರ ಬದಲು, "ಹೌದಲ್ಲೋ! ಪಕ್ಕದಲ್ಲಿರೋದೂ ಹಾಗೇ ಕೂತಿದೆಯಾ ನೋಡು" ಎಂದರೆ ಏನಾಗುತ್ತದೆ? ಮಗು ಎರಡನೇ ಕಾಗೆಯನ್ನು ನೋಡುತ್ತದೆ. ಬೆಳಿಗ್ಗೆ ಎಂಟಕ್ಕೂ ಬಾಯಿ ಬಿಟ್ಟಿತ್ತೇ? ಎಷ್ಟು ಗಂಟೆಯಿಂದ ಶುರು? ನೆರಳಿನಲ್ಲಿರುವುದು, ಬಿಸಿಲಿನಲ್ಲಿರುವುದು ಎರಡೂ ಬಿಡುತ್ತವೆಯೇ? ಆಗಷ್ಟೇ ನೀರು ಕುಡಿದು ಹೋದ ಕಾಗೆಯೂ ಬಿಡುತ್ತದೆಯೇ? ಈ ಕೊನೆಯ ಪ್ರಶ್ನೆಗೆ ತಾರಸಿಯ ಮೇಲೊಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ಕಾಯಬೇಕು. ನಾಲ್ಕೈದು ದಿನ ಕಳೆದ ಮೇಲೆ, ಹಕ್ಕಿಗಳಿಗೆ ಬೆವರುವ ಗ್ರಂಥಿಗಳಿಲ್ಲ, ಗಂಟಲಿನ ತೇವ ಆರಿಸಿಕೊಂಡೇ ಅವು ಮೈ ತಂಪು ಮಾಡಿಕೊಳ್ಳುತ್ತವೆ ಎಂದು ಹೇಳಿ. ಆಗ ಆ ಮಾತು ಕೂರಲು ಮಗುವಿನ ತಲೆಯಲ್ಲಿ ಜಾಗ ಸಿದ್ಧವಾಗಿರುತ್ತದೆ.

ಈ ವಿಷಯದಲ್ಲಿ ಫೋನನ್ನು ಶತ್ರು ಎಂದು ನಾನು ಎಣಿಸುವುದಿಲ್ಲ. ಹುಳುವಿಗೆ ಕ್ಯಾಮೆರಾ ಹಿಡಿದು ಹೆಸರು ತಿಳಿದುಕೊಂಡು ಮುಂದೆ ಹೋಗುವುದು ದಂಡ. ಅದೇ ಫೋನಿನಲ್ಲಿ ಸ್ಲೋ ಮೋಷನ್ ಇದೆ, ಕಣ್ಣಿಗೆ ಸಿಗದ ಚಲನೆಯನ್ನು ಅದು ಹಿಡಿದುಕೊಡುತ್ತದೆ. ಅದಕ್ಕೆ ತಕ್ಕ ವಸ್ತು ಹಳ್ಳಿಯ ಪ್ರತಿ ಮನೆಯ ಸೂರಿನ ಕೆಳಗೂ ಇದೆ.

ಮಳೆಹನಿ ತಾಗದ ಒಣ ಧೂಳಿನಲ್ಲಿ, ದೇವಸ್ಥಾನದ ಜಗಲಿಯ ಅಂಚಿನಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಆಲಿಕೆಯ ಆಕಾರದ ಪುಟ್ಟ ಗುಣಿಗಳನ್ನು ನೋಡಿರುತ್ತೀರಿ. ಅವನ್ನು ತೋಡಿದ ಹುಳುವಿಗೆ ಊರಿಗೊಂದು ಹೆಸರು. ಹಿಂದಕ್ಕೆ ಮಾತ್ರ ನಡೆಯುವ ಬೂದು ಬಣ್ಣದ ಈ ಹುಳು ಸುತ್ತಿ ಸುತ್ತಿ ಇಳಿಯುತ್ತಾ, ತಲೆಯಿಂದ ಮರಳು ಎಸೆಯುತ್ತಾ ಗುಣಿ ಮಾಡುತ್ತದೆ. ಆಮೇಲೆ ತಳದಲ್ಲಿ ಹೂತುಕೊಂಡು ಕೊಂಡಿಯಂಥ ದವಡೆ ತೆರೆದು ಕಾಯುತ್ತದೆ. ಅಂಚಿಗೆ ಕಾಲಿಟ್ಟ ಇರುವೆ ಜಾರುತ್ತದೆ. ಹತ್ತಿ ಪಾರಾಗಲು ನೋಡಿದರೆ ಕೆಳಗಿನಿಂದ ಮರಳಿನ ಮಳೆ. ಸಿಕ್ಕ ಇರುವೆಯ ರಸ ಹೀರಿ, ಸಿಪ್ಪೆಯನ್ನು ಗುಣಿಯಿಂದಾಚೆ ಎಸೆಯುತ್ತದೆ. ಮಕ್ಕಳನ್ನು ತಪ್ಪದೆ ನಗಿಸುವ ಸಂಗತಿಯೊಂದಿದೆ: ಈ ಮರಿಹುಳುವಿಗೆ ಮಲದ್ವಾರವಿಲ್ಲ. ಮರಿಯಾಗಿರುವಷ್ಟು ಕಾಲದ ಕಸವನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡು, ರೆಕ್ಕೆ ಬಂದು ಪ್ರೌಢವಾದ ಮೇಲೆಯೇ ಹೊರಹಾಕುತ್ತದೆ. ಆಗ ಅದರ ರೂಪ ಏರೋಪ್ಲೇನ್ ಚಿಟ್ಟೆಯನ್ನು ಹೋಲುತ್ತದೆ. ಧೂಳಿನೊಳಗಿನ ಆ ಹುಳುವೇ ಇದು ಎಂದು ನಂಬಲಾಗದು.

ಇಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟು. ಒಣ ಹುಲ್ಲಿನ ಎಳೆಯಿಂದ ಅಂಚನ್ನು ಮೆಲ್ಲಗೆ ಕೆದಕಿದರೆ ಹುಳು ಮರಳೆಸೆಯುತ್ತದೆಯೇ? ಒಂದೇ ಒಂದು ಮರಳ ಕಣ ಬಿದ್ದರೂ ಎಸೆಯುತ್ತದೆಯೇ? ದೊಡ್ಡ ಗುಣಿ, ಚಿಕ್ಕ ಗುಣಿಗಳ ಬಾಯಿಯ ಅಗಲವನ್ನೂ ಆಳವನ್ನೂ ಅಳೆದು ಪಟ್ಟಿ ಮಾಡಿದರೆ, ಅಗಲ ಹೆಚ್ಚಿದಂತೆ ಆಳವೂ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆ ಎಂದು ಕಾಣಬಹುದು. ಅಂದರೆ ಗುಣಿ ದೊಡ್ಡದಿರಲಿ ಚಿಕ್ಕದಿರಲಿ, ಗೋಡೆಯ ಇಳಿಜಾರು ಹೆಚ್ಚುಕಡಿಮೆ ಒಂದೇ. ಅದೇ ಧೂಳನ್ನು ಮುಷ್ಟಿಯಿಂದ ಸುರಿದು ರಾಶಿ ಮಾಡಿ. ಆ ರಾಶಿಯ ಇಳಿಜಾರೂ ಅದರ ಹತ್ತಿರವೇ ಬರುತ್ತದೆ, ಒಣ ಮರಳಾದರೆ ಮೂವತ್ತು-ಮೂವತ್ತೈದು ಡಿಗ್ರಿ. ಅದಕ್ಕಿಂತ ಕಡಿದಾಗಿ ಒಣ ಮರಳು ನಿಲ್ಲುವುದಿಲ್ಲ. ಹುಳು ತನ್ನ ಗೋಡೆಯನ್ನು ಇನ್ನೇನು ಕುಸಿಯಬೇಕು ಎನ್ನುವ ಅಂಚಿನಲ್ಲಿ ಇಟ್ಟಿರುತ್ತದೆ. ಇರುವೆಯ ಭಾರ ಸಾಕು, ಜಾರುತ್ತದೆ. ಲಾರಿಯವರು ರಸ್ತೆ ಬದಿಗೆ ಜಲ್ಲಿ ಸುರಿದು ಹೋದಾಗ ಆ ರಾಶಿಯ ಇಳಿಜಾರನ್ನೂ ಅಳೆಯಲು ಹೊರಡುವ ಮಗುವಿಗೆ ಭೌತಶಾಸ್ತ್ರವನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ. ಇರುವೆ ಹಿಡಿದು ಗುಣಿಗೆ ಹಾಕುವುದಂತೂ ಎಲ್ಲ ಮಕ್ಕಳೂ ಮಾಡುವ ಕೆಲಸ. ಒಂದೆರಡು ಸಲಕ್ಕೆ ನಿಲ್ಲಿಸಿ ಎನ್ನಬಹುದು, ಬೇಡ ಎಂದರೆ ಕೇಳುವುದಿಲ್ಲ.

ಇಂಥ ಚಿಲ್ಲರೆ ನೋಟದಿಂದ ನಿಜವಾದ ವಿಜ್ಞಾನ ಹುಟ್ಟುತ್ತದೆಯೇ ಎನ್ನುವವರಿಗೆ ಬೆಂಗಳೂರಿನದೇ ಉದಾಹರಣೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅಣುಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಕಣಜಗಳನ್ನು ನೋಡುತ್ತಿದ್ದದ್ದು ಹವ್ಯಾಸಕ್ಕೆ. ಕಿಟಕಿಯ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜ ಅದು. ಮುಂದೆ ಆ ಹವ್ಯಾಸವೇ ಜೀವಮಾನದ ಸಂಶೋಧನೆಯಾಯಿತು. ಈ ಕಣಜದಲ್ಲಿ ರಾಣಿಗೂ ಕೆಲಸಗಾರ್ತಿಯರಿಗೂ ರೂಪದಲ್ಲಿ ಭೇದವಿಲ್ಲ. ಯಾರು ಯಾರೆಂದು ತಿಳಿಯಲು ಪ್ರತಿಯೊಂದರ ಮೈಮೇಲೂ ಬೇರೆಬೇರೆ ಬಣ್ಣದ ಚುಕ್ಕೆ ಇಟ್ಟು, ಗಂಟೆಗಟ್ಟಲೆ ಕೂತು ಯಾರು ಏನು ಮಾಡಿದರೆಂದು ಬರೆದುಕೊಳ್ಳಬೇಕು. ನೋಡಿದರೆ ಅಲ್ಲಿನ ರಾಣಿ ಜಗಳವಾಡುವುದಿಲ್ಲ, ಜೋರು ಮಾಡುವುದಿಲ್ಲ, ತೀರಾ ಸಾಧು. ಪುಡಿಗಾಸಿನ ಖರ್ಚಿನಲ್ಲಿ ಮಾಡಬಹುದಾದ ಮುಂಚೂಣಿಯ ಸಂಶೋಧನೆಗಳ ಬಗ್ಗೆಯೇ ಅವರು ಪ್ರಾಣಿವರ್ತನೆಯ ಪ್ರಯೋಗಗಳ ಪುಸ್ತಕವೊಂದನ್ನು 2021ರಲ್ಲಿ ಪ್ರಕಟಿಸಿದರು. ಮಕ್ಕಳು ಕಣಜದ ಗೂಡಿನ ಹತ್ತಿರ ಹೋಗುವುದು ಬೇಡ, ಕಚ್ಚಿದರೆ ರಜೆಯ ಅರ್ಧ ವಾರ ಕಣ್ಣು ಊದಿಕೊಂಡೇ ಕಳೆಯುತ್ತದೆ. ಚುಕ್ಕೆಯಿಡುವ ಉಪಾಯವನ್ನು ಬಸವನಹುಳುವಿನ ಚಿಪ್ಪಿನ ಮೇಲೆ ಮಾಡಲಿ, ಅದು ಓಡಿಹೋಗುವುದೂ ಇಲ್ಲ. ಮೊದಲ ಮಳೆ ಬಿದ್ದ ಮೇಲೆ ಹಿತ್ತಿಲಲ್ಲಿ ಕಾಣಿಸಿಕೊಂಡವುಗಳಿಗೆ ಅಕ್ಕನ ನೈಲ್ ಪಾಲಿಷಿನ ಒಂದೊಂದು ಚುಕ್ಕೆ ಇಟ್ಟರೆ, ನಿನ್ನೆ ಬಂದದ್ದೇ ಇವತ್ತೂ ಬಂದಿತೋ ಬೇರೆಯದೋ ಗೊತ್ತಾಗುತ್ತದೆ.

ಮಳೆ ಎಂದ ಮೇಲೆ ಅಜ್ಜನ ಪಂಚಾಂಗವನ್ನು ಬಿಡುವಂತಿಲ್ಲ. ರಜೆ ಶುರುವಾದ ಒಂದೆರಡು ದಿನಕ್ಕೇ ಅಶ್ವಿನಿ ಮಳೆ ಹುಟ್ಟುತ್ತದೆ. ಏಪ್ರಿಲ್ ಕೊನೆಯ ವಾರ ಭರಣಿ, ಮೇ 11ರ ಹೊತ್ತಿಗೆ ಕೃತ್ತಿಕಾ, ಮೇ 25ರ ಹೊತ್ತಿಗೆ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆಯನ್ನು ಕೇಳದ ರೈತನಿಲ್ಲ. ನಗರದ ಮಕ್ಕಳಿಗೆ ಇವು ಬರೀ ಹೆಸರುಗಳು, ಹಳ್ಳಿಯ ಮಕ್ಕಳಿಗೂ ಈಗೀಗ ಹಾಗೆಯೇ ಆಗುತ್ತಿದೆ. ಆದರೆ ಇದರ ಹಿಂದಿನ ಲೆಕ್ಕವನ್ನು ಕಣ್ಣಾರೆ ಕಾಣಬಹುದು. ಏಪ್ರಿಲ್ ಮಧ್ಯದಲ್ಲಿ ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾದ ಮೇಲೆ ಪಶ್ಚಿಮದಲ್ಲಿ, ಅಷ್ಟೇನೂ ಎತ್ತರವಲ್ಲದ ಜಾಗದಲ್ಲಿ, ಕೃತ್ತಿಕೆಯ ಗೊಂಚಲು ಕಾಣುತ್ತದೆ. ದಿನಾ ಸಂಜೆ ಅದೇ ಹೊತ್ತಿಗೆ ನೋಡಿದರೆ ಗೊಂಚಲು ದಿನದಿಂದ ದಿನಕ್ಕೆ ಕೆಳಗಿಳಿಯುತ್ತಾ ಹೋಗುತ್ತದೆ. ಮೇ ಬರುವಷ್ಟರಲ್ಲಿ ಸಂಜೆಗೆಂಪಿನಲ್ಲಿ ಕರಗಿಹೋಗುತ್ತದೆ. ಕೃತ್ತಿಕಾ ಮಳೆ ಸುರಿಯುವ ದಿನಗಳಲ್ಲಿ ಆಕಾಶ ಶುಭ್ರವಾಗಿದ್ದರೂ ಕೃತ್ತಿಕೆಯನ್ನು ಕಾಣಲಾಗುವುದಿಲ್ಲ, ಏಕೆಂದರೆ ಸೂರ್ಯ ಆಗ ಅದರ ನೆರೆಯಲ್ಲೇ ಇರುತ್ತಾನೆ. ಮಳೆಗೆ ಆ ಹೆಸರು ಬಂದಿರುವುದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರಿಂದ. ಇಪ್ಪತ್ತೇಳು ನಕ್ಷತ್ರಗಳನ್ನು ದಾಟಲು ಒಂದು ವರ್ಷವಾದರೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಜೂನ್ ಕೊನೆಗೆ ಅದೇ ಗೊಂಚಲು ಬೆಳಗಿನ ಜಾವ ಪೂರ್ವದಲ್ಲಿ ಏಳುತ್ತದೆ, ಮೋಡ ಬಿಟ್ಟರೆ. ಪಂಚಾಂಗವನ್ನು ಮೂಢನಂಬಿಕೆ ಎಂದು ಬದಿಗಿಡುವವರೂ ಅದರಲ್ಲಿರುವುದೆಲ್ಲ ಸತ್ಯ ಎಂದು ಕಣ್ಣಿಗೊತ್ತಿಕೊಳ್ಳುವವರೂ ಒಂದು ವಾರ ಸಂಜೆ ಮಕ್ಕಳ ಜೊತೆ ತಾರಸಿ ಹತ್ತಿದರೆ ಇಬ್ಬರಿಗೂ ಒಳ್ಳೆಯದು.

ಗಾದೆ ನಿಜವೋ ಎಂದು ನೋಡಲು ಮಳೆ ಅಳೆಯಬೇಕು. ಕರಾವಳಿ, ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ವರ್ಷಗಟ್ಟಲೆ ಮಳೆ ಲೆಕ್ಕ ಬರೆದಿಟ್ಟವರಿದ್ದಾರೆ. ಬಯಲುಸೀಮೆಯಲ್ಲಿ ಅಪರೂಪ, ನಗರದಲ್ಲಿ ಇಲ್ಲವೇ ಇಲ್ಲ. ನೆಟ್ಟನೆಯ ಗೋಡೆಯಿರುವ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಅದರ ಮೇಲೇ ಕೂರಿಸಿದರೆ ಮಳೆಮಾಪಕ ಆಯಿತು. ಬಾಟಲಿಯ ತಳ ಡೊಂಕಿರುವುದರಿಂದ ಒಂದಿಷ್ಟು ಬೆಣಚುಕಲ್ಲು ಹಾಕಿ, ನೆಟ್ಟನೆಯ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಎಂದು ಗೆರೆ ಎಳೆದು ಸ್ಕೇಲಿನ ಪಟ್ಟಿ ಅಂಟಿಸಬೇಕು. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರ ಇಡಬೇಕು. ದಿನವೂ ಬೆಳಿಗ್ಗೆ ಎಂಟೂವರೆಗೆ ಓದಬೇಕು, ಹವಾಮಾನ ಇಲಾಖೆಯವರು ಓದುವುದೂ ಆ ಹೊತ್ತಿಗೇ. ಬೇಸಿಗೆಯಲ್ಲಿ ಸೊನ್ನೆಯ ಗೆರೆಯ ನೀರು ಆರಿಹೋಗುವುದರಿಂದ ದಿನಾ ಓದಿದ ಮೇಲೆ ಅದನ್ನು ಸೊನ್ನೆಗೆ ತಂದಿಡಬೇಕು. ಎಷ್ಟು ಆರಿತು ಎಂಬುದೇ ಬರೆದಿಡಬಹುದಾದ ಇನ್ನೊಂದು ಲೆಕ್ಕ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಇದೊಂದು ಲೆಕ್ಕ ಕೈಲಿದ್ದರೆ ಮಗು ಬೆಂಗಳೂರನ್ನು ನೋಡುವ ಬಗೆಯೇ ಬೇರೆಯಾಗುತ್ತದೆ. ಮೂವತ್ತು-ನಲವತ್ತು ಅಡಿಯ ಸೈಟು ಸುಮಾರು 111 ಚದರ ಮೀಟರ್. ಒಂದು ಸಂಜೆ ಗುಡುಗಿ ಬಂದ 20 ಮಿಲಿಮೀಟರ್ ಮಳೆ ಆ ಸೈಟಿನ ಮೇಲೆ 2,200 ಲೀಟರಿಗಿಂತ ಹೆಚ್ಚು ನೀರು ಸುರಿದು ಹೋಗಿರುತ್ತದೆ. ಅದರ ಮಾರನೇ ದಿನವೇ ಅದೇ ಬೀದಿಗೆ ಟ್ಯಾಂಕರ್ ಬಂದು ನಿಂತರೆ ಹತ್ತು ವರ್ಷದ ಹುಡುಗಿ ಕೇಳುವ ಪ್ರಶ್ನೆಗೆ ಉತ್ತರಿಸಲು ಮನೆಯ ಹಿರಿಯರು ತಯಾರಿರಬೇಕು.

ಗುಡುಗು ಸಿಡಿಲಿನ ಹೊತ್ತಿನಲ್ಲಿ ಮಾತ್ರ ಮನೆಯೊಳಗೇ ಇರಬೇಕು, ಮಾವಿನಕಾಯಿ ಉದುರುತ್ತಿದೆಯೆಂದು ಮರದಡಿ ಓಡಬಾರದು. ಏಪ್ರಿಲ್-ಮೇ ನಮ್ಮಲ್ಲಿ ಸಿಡಿಲಿನ ಕಾಲ. ಒಳಗೆ ಕೂತೇ ಮಾಡಬಹುದಾದ ಲೆಕ್ಕ ಇದೆ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿತ್ತೆಂದು ಸಿಗುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಅಂಗಳಕ್ಕೂ ಇಳಿಯುವಂತಿಲ್ಲ ಎಂಬ ಕಟ್ಟಳೆಯನ್ನು ಮಕ್ಕಳೇ ದೊಡ್ಡವರಿಗೆ ಹೇಳಲಿ.

ಅಡುಗೆಮನೆಯನ್ನು ಪ್ರಯೋಗಶಾಲೆ ಎಂದು ಹೊಗಳುವ ಬರಹಗಳು ಸಾಕಷ್ಟು ಬಂದಿವೆ, ನಾನು ಹೆಚ್ಚು ಹೇಳುವುದಿಲ್ಲ. ಮಲೆನಾಡಿನ ಮನೆಯಲ್ಲಿ ಅಪ್ಪೆಮಿಡಿಗೆ ಉಪ್ಪು ಹಾಕಿಟ್ಟದ್ದು ಮರುದಿನದಿಂದ ನೀರು ಬಿಡುತ್ತಾ ಬಂದು, ಮಿಡಿ ಚಿರುಟಿಕೊಳ್ಳುತ್ತದೆ. ಯಾರೂ ನೀರು ಹಾಕದ ಭರಣಿಯಲ್ಲಿ ನೀರೆಲ್ಲಿಂದ ಬಂತು ಎಂದು ಕೇಳಿದರಾಯಿತು. ಮಣ್ಣಿನ ಮಡಕೆಯ ನೀರು ಕಲಬುರಗಿಯಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ, ಕಾರವಾರದಲ್ಲಿ ಅದೇ ಮಡಕೆ ಹಾಗೆ ತಣಿಸುವುದಿಲ್ಲ. ಸೆಕೆಗೂ ಬಿಸಿಲಿಗೂ ಇರುವ ಭೇದ ಅಲ್ಲಿದೆ: ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಮಡಕೆಯ ಮೈಯ ನೀರು ಆರುವುದೇ ಇಲ್ಲ, ನಮ್ಮ ಬೆವರೂ ಅಷ್ಟೆ. ಒಂದು ಮಾತು ಮಾತ್ರ ಒತ್ತಿ ಹೇಳಬೇಕೆನಿಸುತ್ತದೆ. ಉಪ್ಪಿನಕಾಯಿಯ ಪಾಠ ಹುಡುಗಿಗೆ, ಇರುವೆಯ ಪಾಠ ಹುಡುಗನಿಗೆ ಎಂದು ನಾವು ಗೊತ್ತಿಲ್ಲದೆ ಹಂಚಿಬಿಡುತ್ತೇವೆ. ಬಿಸಿಲಿಗೆ ಕಪ್ಪಾಗುತ್ತೀಯ ಎಂದು ಹುಡುಗಿಯರನ್ನು ಒಳಗೆ ಕರೆಯುವ ಮನೆಗಳು ಈಗಲೂ ಇವೆ. ಸಂಡಿಗೆ ಕಾಯಲು ಅವರನ್ನು ತಾರಸಿಗೆ ಕಳಿಸುವಾಗ ಆ ಬಿಸಿಲು ಎಲ್ಲಿ ಹೋಗಿರುತ್ತದೋ ತಿಳಿಯದು.

ಇದೆಲ್ಲಕ್ಕೂ ಬೇಕಾದ ಸಲಕರಣೆ ನೂರು ಪುಟದ ಒಂದು ನೋಟ್‌ಬುಕ್. ಅದರಲ್ಲಿ ತಾರೀಕು, ಹೊತ್ತು, ಜಾಗ, ಕಂಡದ್ದು. ಏನೂ ಕಾಣದ ದಿನ "ಏನೂ ಕಾಣಲಿಲ್ಲ" ಎಂದೂ ಬರೆಯಬೇಕು. ಕಾಗೆ ಬಾಯಿ ಬಿಡದ ದಿನಗಳು ಪಟ್ಟಿಯಲ್ಲಿ ಇಲ್ಲದಿದ್ದರೆ ಬಿಟ್ಟ ದಿನಗಳಿಗೆ ಅರ್ಥವಿಲ್ಲ. ಚಿತ್ರ ಚೆನ್ನಾಗಿರಬೇಕೆಂದಿಲ್ಲ, ಕಾಲೆಷ್ಟು ಎಂದು ಎಣಿಸಿ ಬರೆದಿರಬೇಕು. ಅಂತರ್ಜಾಲದಿಂದ ಇಳಿಸಿದ ಚಿತ್ರ ಅಂಟಿಸಬಾರದು. ನೋಟ್‌ಬುಕ್ಕನ್ನು ತಂದೆತಾಯಿ ತಿದ್ದಬಾರದು, ಕಾಗುಣಿತವನ್ನೂ ಕೂಡ. ಈ ಕಟ್ಟುನಿಟ್ಟು ಸ್ವಲ್ಪ ಹೆಚ್ಚಾಯಿತು ಎನಿಸಬಹುದು, ಆದರೆ ಅಮ್ಮನ ಅಕ್ಷರದಲ್ಲಿ ಮುಗಿದ ಪ್ರಾಜೆಕ್ಟ್‌ಗಳನ್ನು ಶಾಲೆಗಳ ಗೋಡೆಯ ಮೇಲೆ ನಾವೆಲ್ಲ ನೋಡಿದ್ದೇವೆ.

ಶಿಕ್ಷಕರಲ್ಲಿ ಕೇಳಿಕೊಳ್ಳುವುದೂ ಒಂದಿದೆ. ಶಾಲೆ ತೆರೆದ ಮೊದಲ ವಾರ ಈ ನೋಟ್‌ಬುಕ್‌ಗಳಿಗೆ ಅಂಕ ಕೊಡಬೇಡಿ, ಸಹಿಯನ್ನೂ ಹಾಕಬೇಡಿ. ಪಕ್ಕಪಕ್ಕ ತೆರೆದಿಡಿ. ಅದೇ ಊರಿನಲ್ಲಿ ಅದೇ ರಾತ್ರಿ ಬಿದ್ದ ಮಳೆ ಒಬ್ಬಳ ಪುಸ್ತಕದಲ್ಲಿ 22 ಮಿಲಿಮೀಟರ್, ಇನ್ನೊಬ್ಬನದರಲ್ಲಿ 9 ಎಂದಿದ್ದರೆ ಯಾರದು ತಪ್ಪು ಎಂದು ತೀರ್ಪು ಹೇಳಲು ಹೋಗಬೇಡಿ. ಅವನ ಬಾಟಲಿ ತೆಂಗಿನ ಮರದ ಕೆಳಗಿತ್ತೇ? ಅವಳದು ಸೂರಿನ ನೀರು ಸಿಡಿಯುವ ಜಾಗದಲ್ಲಿತ್ತೇ? ಬೆಳಿಗ್ಗೆ ಎಷ್ಟು ಗಂಟೆಗೆ ಓದಿದರು? ಇಲ್ಲವೇ ಬೇಸಿಗೆಯ ಆಲಿಕಲ್ಲು ಮಳೆ ಕೆರೆಯ ಆಚೆ ದಂಡೆಗೆ ಸುರಿದು ಈಚೆ ದಂಡೆಯನ್ನು ನಿಜವಾಗಿಯೂ ಬಿಟ್ಟುಹೋಯಿತೇ? ಇಬ್ಬರೂ ಪಟ್ಟು ಬಿಡದೆ ವಾದ ಮಾಡಲಿ. ತೀರ್ಮಾನ ಆಗದಿದ್ದರೆ ಜೂನ್ ಮಳೆ ಇನ್ನೇನು ಬಂತು, ಎರಡೂ ಬಾಟಲಿಗಳನ್ನು ಶಾಲೆಯ ಅಂಗಳದಲ್ಲಿ ಅಕ್ಕಪಕ್ಕ ಇಡಿಸಿ.